ತಿರುಗುವ ತಟ್ಟೆ ನಿಂತಾಗ

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟರೆ ಹೊಸದನ್ನು ಆರಿಸುವುದು ಹೇಗೆ? ಹಣವನ್ನು ಎಲ್ಲಿ ವೆಚ್ಚ ಮಾಡಬೇಕು, ಎಲ್ಲಿ ಉಳಿಸಬೇಕು?

ಹಿಂದಿನ ಕಾಲದ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಕಬ್ಬಿಣದ ಟ್ರಂಕು ಇರುತ್ತಿತ್ತು. ಮನೆಯ ಕ್ರಯಪತ್ರ, ಮಕ್ಕಳ ಜಾತಕ, ಮದುವೆಯ ಫೋಟೋ, ದೂರದೂರಿನ ನೆಂಟರ ಕಾಗದಗಳು ಎಲ್ಲಕ್ಕೂ ಅದೇ ಆಶ್ರಯ. ಇಂದು ಆ ಟ್ರಂಕಿನ ಸ್ಥಾನಕ್ಕೆ ಬಂದಿರುವುದು ಲ್ಯಾಪ್‌ಟಾಪಿನ ಒಡಲಲ್ಲಿ ಅಡಗಿ ಕುಳಿತಿರುವ, ಅಂಗೈಯಗಲದ, ಸುಮಾರು ೧೦೦ ಗ್ರಾಂ ತೂಕದ ಒಂದು ಹಾರ್ಡ್ ಡಿಸ್ಕ್. ಮಗುವಿನ ಮೊದಲ ಹೆಜ್ಜೆಯ ಚಲನಚಿತ್ರ, ಗತಿಸಿದ ತಾಯಿಯ ಧ್ವನಿ, ತೆರಿಗೆಯ ಲೆಕ್ಕ, ಮಗಳ ಪರೀಕ್ಷೆಯ ಟಿಪ್ಪಣಿ ಇವೆಲ್ಲವೂ ಅದರಲ್ಲಿ ಸೇರಿಹೋಗಿವೆ. ಟ್ರಂಕು ಹಳತಾದರೆ ತುಕ್ಕು ಹಿಡಿಯುತ್ತದೆ. ಆದರೂ ಒಳಗಿನ ಕಾಗದ ಉಳಿದೀತು. ಹಾರ್ಡ್ ಡಿಸ್ಕ್ ಹಳತಾದರೆ ಪೆಟ್ಟಿಗೆ ಹೊಳೆಯುತ್ತಲೇ ಇರುತ್ತದೆ. ಒಳಗಿನದು ಮಾತ್ರ ಸದ್ದಿಲ್ಲದೆ ಕೈಬಿಟ್ಟು ಹೋಗುತ್ತದೆ.

ಆದುದರಿಂದ ಹೊಸ ಡಿಸ್ಕನ್ನು ಆರಿಸುವ ಕೆಲಸ ಅಂಗಡಿಯಲ್ಲಿ ಪ್ರಾರಂಭವಾಗುವುದಿಲ್ಲ. ಮನೆಯಲ್ಲಿ, ಹಳೆಯ ಡಿಸ್ಕಿನ ಮುಂದೆ ಪ್ರಾರಂಭವಾಗುತ್ತದೆ.

ಕಾಯಿಲೆಯ ಲಕ್ಷಣಗಳು

ಡಿಸ್ಕು ಕೆಡುವ ಮುನ್ನ ಅನೇಕ ವೇಳೆ ಮುನ್ಸೂಚನೆ ಕೊಡುತ್ತದೆ. ಒಂದು ನಿಮಿಷದಲ್ಲಿ ಎಚ್ಚರಗೊಳ್ಳುತ್ತಿದ್ದ ಲ್ಯಾಪ್‌ಟಾಪು ಐದು ನಿಮಿಷ ಹಿಡಿಯುತ್ತದೆ. ನಿನ್ನೆ ತೆರೆದ ಫೋಟೋ ಇಂದು ತೆರೆಯುವುದಿಲ್ಲ. ಕೆಲವೊಮ್ಮೆ ಒಳಗಿನಿಂದ 'ಟಿಕ್, ಟಿಕ್' ಎಂದು ಗಡಿಯಾರದಂಥ ಸದ್ದು ಕೇಳುತ್ತದೆ. ಈ ಸದ್ದು ಕೇಳಿಬಂದಾಗ ಮನೆಯವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಯಂತ್ರವನ್ನು ಮತ್ತೆ ಮತ್ತೆ ಆರಿಸಿ ಹಚ್ಚುವುದು, ಯಾರೋ ಹೇಳಿದ ದುರಸ್ತಿಯ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸುವುದು. ಇವೆರಡೂ ಅಪಾಯಕರ. ಸಾಯುತ್ತಿರುವ ಡಿಸ್ಕಿಗೆ ಎಣಿಸಿದಷ್ಟೇ ಗಂಟೆಗಳ ಆಯುಸ್ಸು ಉಳಿದಿರಬಹುದು. ಆ ಗಂಟೆಗಳನ್ನು ದುರಸ್ತಿಗೆ ವ್ಯಯಿಸದೆ ಪ್ರತಿ ತೆಗೆಯುವುದಕ್ಕೆ ಬಳಸಬೇಕು.

ಪ್ರತಿ ತೆಗೆಯುವುದರಲ್ಲಿಯೂ ಒಂದು ಕ್ರಮವುಂಟು. ಮತ್ತೆಲ್ಲಿಯೂ ದೊರೆಯದ ವಸ್ತುಗಳು ಮೊದಲು: ಕುಟುಂಬದ ಫೋಟೋಗಳು, ಸ್ವಂತ ಬರಹಗಳು, ಲೆಕ್ಕಪತ್ರಗಳು. ಚಲನಚಿತ್ರ, ಹಾಡು, ತಂತ್ರಾಂಶ ಇವನ್ನು ಮತ್ತೆ ತರಬಹುದು, ಅವು ಕೊನೆಗೆ. ಸದ್ದು ಜೋರಾಗಿದ್ದು, ಒಳಗೆ ನಿಜವಾಗಿಯೂ ಅಮೂಲ್ಯವಾದುದೇನಾದರೂ ಇದ್ದರೆ ವಿದ್ಯುತ್ತನ್ನು ತೆಗೆದು ಹಾಗೆಯೇ ಇಟ್ಟು, ಮಾಹಿತಿ ಮರಳಿಸುವುದನ್ನೇ ವೃತ್ತಿಯಾಗಿ ಮಾಡುವ ಪ್ರಯೋಗಾಲಯಕ್ಕೆ ಒಯ್ಯುವುದು ಲೇಸು. ಅವರ ಶುಲ್ಕ ಹೊಸ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು ಆದೀತು. ಹೊಸ ಡಿಸ್ಕಿಗೆ ಒಂದು ಬೆಲೆಯುಂಟು, ಹಳೆಯದರ ಒಳಗಿರುವುದಕ್ಕೆ ಬೇರೆಯೇ ಬೆಲೆಯುಂಟು ಎಂಬುದು ಆಗ ಮನದಟ್ಟಾಗುತ್ತದೆ.

ಗ್ರಾಮಫೋನಿನ ತಮ್ಮ

ಹಾರ್ಡ್ ಡಿಸ್ಕಿನ ಒಳಗೆ ಇರುವುದೇನು? ಗ್ರಾಮಫೋನು ಕಂಡವರಿಗೆ ವಿವರಣೆ ಸುಲಭ. ನುಣುಪಾದ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ತೋಳು ಅತ್ತಿಂದಿತ್ತ ಆಡುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ. ಇಲ್ಲಿಯ ತೋಳಿನ ತುದಿ ಮುಟ್ಟುವುದಿಲ್ಲ. ತಟ್ಟೆಯ ವೇಗದಿಂದ ಎದ್ದ ಗಾಳಿಯ ಪದರದ ಮೇಲೆ, ಕೂದಲೆಳೆಗಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ ಅದು ತೇಲುತ್ತದೆ. ತೇಲುತ್ತಲೇ ತಟ್ಟೆಯ ಮೇಲಿನ ಕಾಂತೀಯ ಗುರುತುಗಳನ್ನು ಓದುತ್ತದೆ, ಬರೆಯುತ್ತದೆ. ಓಡುತ್ತಿರುವ ಲ್ಯಾಪ್‌ಟಾಪು ಮೇಜಿನಿಂದ ಬಿದ್ದರೆ ಆ ತುದಿ ತಟ್ಟೆಗೆ ಬಡಿಯಬಹುದು. ಗೀರು ಬಿದ್ದಲ್ಲಿ ಬರಹ ಅಳಿಯಿತೆಂದೇ ಅರ್ಥ.

ಈ ಬಗೆಯ ಯಂತ್ರ ಮೊದಲು ಮಾರುಕಟ್ಟೆಗೆ ಬಂದುದು ೧೯೫೬ರಲ್ಲಿ, ಅಮೆರಿಕದ ಐ.ಬಿ.ಎಂ. ಕಂಪನಿಯಿಂದ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ನೇತೃತ್ವದ ತಂಡ ಅದನ್ನು ನಿರ್ಮಿಸಿತು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು, ಸುಮಾರು ಒಂದು ಟನ್ ತೂಕ; ಇಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಗಳಿಗೆ ಅಷ್ಟು ಜಾಗ ಸಾಲುತ್ತದೆಯೇ ಹೊರತು ಹೆಚ್ಚಿಗಲ್ಲ. ಲ್ಯಾಪ್‌ಟಾಪಿಗೆ ಹಿಡಿಸುವ ಎರಡೂವರೆ ಅಂಗುಲದ ಡಿಸ್ಕು ೧೯೮೮ರಲ್ಲಿ ಬಂದಿತು. ಅದರ ಸಾಮರ್ಥ್ಯ ೨೦ ಮೆಗಾಬೈಟ್. ಅದೇ ವರ್ಷ ಫ್ರಾನ್ಸಿನ ಆಲ್ಬೆರ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿಯೇ ಒಂದು ಕಾಂತೀಯ ವಿದ್ಯಮಾನವನ್ನು ಕಂಡುಹಿಡಿದರು. ಅತಿ ಕ್ಷೀಣವಾದ ಗುರುತನ್ನೂ ಓದಬಲ್ಲ ತುದಿ ಅದರಿಂದ ಸಾಧ್ಯವಾಯಿತು, ತಟ್ಟೆಯಲ್ಲಿ ಬರಹ ಇನ್ನಷ್ಟು ದಟ್ಟವಾಯಿತು. ಆ ಇಬ್ಬರಿಗೂ ೨೦೦೭ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಎಷ್ಟೇ ದಟ್ಟವಾದರೂ ತಟ್ಟೆ ತಿರುಗಲೇಬೇಕು. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಬೇಕಾದ ಗುರುತು ತೋಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ ಸಾವಿರದಲ್ಲಿ ಐದೂವರೆ ಭಾಗ ಕಾಯಬೇಕು. ತೋಳು ಸರಿದು ನಿಲ್ಲಲು ಅದರ ಇಮ್ಮಡಿ ಹೊತ್ತು. ಲೆಕ್ಕ ಹಾಕಿದರೆ, ಅಲ್ಲಲ್ಲಿ ಚದರಿದ ಚಿಕ್ಕ ಚಿಕ್ಕ ತುಣುಕುಗಳನ್ನು ಆರಿಸಿ ತರುವಾಗ ಸೆಕೆಂಡಿಗೆ ಐವತ್ತು ಅರವತ್ತಕ್ಕಿಂತ ಹೆಚ್ಚು ತರಲಾಗದು. ಲ್ಯಾಪ್‌ಟಾಪು ಎಚ್ಚರಗೊಳ್ಳುವಾಗ ಇಂಥ ಸಾವಿರಾರು ತುಣುಕುಗಳು ಬೇಕಾಗುತ್ತವೆ. 'ಹಳೆಯದಾಯಿತು, ನಿಧಾನ' ಎಂದು ಮನೆಯವರು ದೂರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನಿಧಾನವಾಗಿರುವುದು ಯಂತ್ರದ ಮಿದುಳಲ್ಲ, ಈ ತಟ್ಟೆ.

ತಿರುಗದ ಡಿಸ್ಕು

ತಟ್ಟೆಯೂ ತೋಳೂ ಇಲ್ಲದ ಡಿಸ್ಕಿಗೆ ಬೀಜ ಬಿದ್ದುದು ಜಪಾನಿನಲ್ಲಿ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕ ಎಂಬ ಎಂಜಿನಿಯರು ೧೯೮೪ರಲ್ಲಿ 'ಫ್ಲಾಷ್' ಎಂಬ ನೆನಪಿನ ಚಿಪ್ಪನ್ನು ಜಗತ್ತಿನ ಮುಂದಿಟ್ಟರು. ವಿದ್ಯುತ್ ಹೋದರೂ ಮರೆಯದ ಚಿಪ್ಪು ಇದು. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ವಿದ್ಯುದಾವೇಶವನ್ನು ಕೂಡಿಹಾಕುವುದು ಇದರ ಮರ್ಮ. ಇಂಥ ಚಿಪ್ಪುಗಳನ್ನು ಜೋಡಿಸಿ ಮಾಡಿದ ಡಿಸ್ಕಿಗೆ ಎಸ್.ಎಸ್.ಡಿ. ಎಂದು ಹೆಸರು. ತಿರುಗುವುದೇನೂ ಇಲ್ಲದ್ದರಿಂದ ಕಾಯುವುದೂ ಇಲ್ಲ. ತಟ್ಟೆಯ ಡಿಸ್ಕು ಐವತ್ತು ತುಣುಕು ತರುವ ಹೊತ್ತಿನಲ್ಲಿ ಇದು ಸಾವಿರಗಟ್ಟಲೆ ತರುತ್ತದೆ. ಸದ್ದಿಲ್ಲ, ಬಿದ್ದರೂ ಒಳಗೆ ಗೀರು ಬೀಳುವ ಭಯವಿಲ್ಲ.

ಹೀಗಾಗಿ ಮೊದಲನೆಯ ತೀರ್ಮಾನ ಸುಲಭ: ಲ್ಯಾಪ್‌ಟಾಪಿನ ಒಳಗೆ ಕೂರಿಸುವ ಡಿಸ್ಕು ಎಸ್.ಎಸ್.ಡಿ. ಆಗಿರಲಿ. ಹತ್ತು ವರ್ಷದ ಯಂತ್ರವೂ ಇದೊಂದರಿಂದಲೇ ಹೊಸ ಹುರುಪು ಪಡೆಯುವುದನ್ನು ಎಷ್ಟೋ ಮನೆಗಳು ಕಂಡಿವೆ. ಕಷ್ಟ ಬರುವುದು ಎರಡನೆಯ ಪ್ರಶ್ನೆಯಲ್ಲಿ: ಯಾವ ಎಸ್.ಎಸ್.ಡಿ.?

ಬೀಗಕ್ಕೆ ತಕ್ಕ ಕೀಲಿ

ಅಂಗಡಿಯಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ.

"ಒಂದು ಹಾರ್ಡ್ ಡಿಸ್ಕ್ ಬೇಕಿತ್ತು, ಲ್ಯಾಪ್‌ಟಾಪಿಗೆ."

"ಇದು ತಗೊಳ್ಳಿ ಸಾರ್, ಸೆಕೆಂಡಿಗೆ ಏಳು ಸಾವಿರ ಎಂ.ಬಿ. ಸ್ಪೀಡು. ಇದಕ್ಕಿಂತ ಫಾಸ್ಟ್ ಇನ್ನೊಂದಿಲ್ಲ."

"ನಮ್ಮ ಲ್ಯಾಪ್‌ಟಾಪಿಗೆ ಕೂರುತ್ತದೆಯೇ?"

ಈ ಕೊನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು. ಅದಕ್ಕೆ ಉತ್ತರವನ್ನು ಮನೆಯಿಂದಲೇ ತಂದಿರಬೇಕು. ಲ್ಯಾಪ್‌ಟಾಪಿನ ಅಡಿಭಾಗದಲ್ಲಿ ಅದರ ಮಾದರಿಯ ಹೆಸರು, ಸಂಖ್ಯೆ ಇರುತ್ತವೆ. ಅದನ್ನು ಹಿಡಿದು ತಯಾರಕರ ದುರಸ್ತಿ ಕೈಪಿಡಿಯನ್ನು ನೋಡಿದರೆ ಒಳಗಿನ ಡಿಸ್ಕು ಯಾವ ಜಾತಿಯದೆಂದು ತಿಳಿಯುತ್ತದೆ. ಮುಖ್ಯ ಜಾತಿಗಳು ನಾಲ್ಕು.

ಒಂದನೆಯದು, ೨೦೦೫ರ ಆಸುಪಾಸಿನವರೆಗೆ ಬಂದ ಲ್ಯಾಪ್‌ಟಾಪುಗಳ ಐ.ಡಿ.ಇ. ಡಿಸ್ಕು. ಇದರ ಹಿಂಬದಿಯಲ್ಲಿ ಎರಡು ಸಾಲು ಸೂಜಿಗಳಿರುತ್ತವೆ. ಇಂಥ ಯಂತ್ರಕ್ಕೆ ಹೊಸ ಡಿಸ್ಕು ಹುಡುಕಿ ಹಣ ಹಾಕುವುದು ವ್ಯರ್ಥ. ಒಳಗಿನದನ್ನು ಉಳಿಸಿಕೊಂಡು ಯಂತ್ರವನ್ನು ಬೀಳ್ಕೊಡುವುದು ಮೇಲು.

ಎರಡನೆಯದು ಸಾಟಾ ಜಾತಿ. ಸೂಜಿಗಳ ಬದಲು ಎರಡು ಚಪ್ಪಟೆ ನಾಲಗೆಗಳು, ಒಂದು ಚಿಕ್ಕದು, ಒಂದು ದೊಡ್ಡದು. ಅದಾದ ಮೇಲೆ ಸುಮಾರು ಹತ್ತು ವರ್ಷ ಲ್ಯಾಪ್‌ಟಾಪುಗಳಲ್ಲಿ ರೂಢಿಯಲ್ಲಿದ್ದ ಜಾತಿ ಇದೇ. ಸಾಟಾದಲ್ಲಿ ಮೂರು ತಲೆಮಾರುಗಳುಂಟಾದರೂ ಹೊಸ ಡಿಸ್ಕು ಹಳೆಯ ಕಿಂಡಿಯಲ್ಲಿ ಕೆಲಸ ಮಾಡುತ್ತದೆ. ಕಿಂಡಿಯ ವೇಗಕ್ಕೆ ತಗ್ಗಿ ನಡೆಯುತ್ತದೆ ಅಷ್ಟೆ. ಇಲ್ಲಿ ಗಮನಿಸತಕ್ಕದ್ದು ದಪ್ಪ. ಎರಡೂವರೆ ಅಂಗುಲದ ಡಿಸ್ಕುಗಳಲ್ಲಿ ೯.೫ ಮಿಲಿಮೀಟರ್ ಮತ್ತು ೭ ಮಿಲಿಮೀಟರ್ ದಪ್ಪದವು ಸಾಮಾನ್ಯ, ೧೨.೫, ೧೫ ಮಿಲಿಮೀಟರಿನವೂ ಉಂಟು. ೨೦೧೧ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್ ೨೨೦ರ ಗೂಡು ೭ ಮಿಲಿಮೀಟರಿನದು, ೯.೫ರ ಡಿಸ್ಕನ್ನು ತಂದವರು ಅದನ್ನು ಮರಳಿ ಅಂಗಡಿಗೆ ಒಯ್ಯಬೇಕಾಯಿತು. ಸಾಟಾ ಎಸ್.ಎಸ್.ಡಿ.ಗಳು ಸಾಮಾನ್ಯವಾಗಿ ೭ ಮಿಲಿಮೀಟರಿನವೇ ಆದ್ದರಿಂದ ತೆಳುವಾಗಿ ಕೂರುತ್ತವೆ. ಗೂಡು ದಪ್ಪವಿದ್ದರೆ ಒಂದು ಪ್ಲಾಸ್ಟಿಕ್ ಚೌಕಟ್ಟು ಇಟ್ಟು ಅಲುಗಾಡದಂತೆ ಮಾಡಿದರಾಯಿತು.

ಮೂರನೆಯದು ಎಂ.೨ ಜಾತಿ. ಇದು ಚೂಯಿಂಗ್ ಗಮ್ಮಿನ ಪಟ್ಟಿಯಂತೆ ೨೨ ಮಿಲಿಮೀಟರ್ ಅಗಲದ ಬರಿಯ ಹಲಗೆ. ಮೇಲೆ '೨೨೮೦' ಎಂದು ಬರೆದಿದ್ದರೆ ಅಗಲ ೨೨, ಉದ್ದ ೮೦ ಮಿಲಿಮೀಟರ್. '೨೨೪೨' ಎಂದಿದ್ದರೆ ಉದ್ದ ೪೨. ಇಷ್ಟರಲ್ಲೇ ಮುಗಿಯಲಿಲ್ಲ. ಒಂದೇ ರೂಪದ ಈ ಹಲಗೆಗಳಲ್ಲಿ ಕೆಲವು ಹಳೆಯ ಸಾಟಾ ಭಾಷೆಯನ್ನು ಆಡುತ್ತವೆ, ಕೆಲವು ಎನ್.ವಿ.ಎಂ.ಇ. ಎಂಬ ಹೊಸ ಭಾಷೆಯನ್ನು. ಈ ಹೊಸ ಭಾಷೆಯ ನಿಯಮಾವಳಿ ೨೦೧೧ರಲ್ಲಿ ಪ್ರಕಟವಾಯಿತು. ಸಾಟಾ ಹಲಗೆಯ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳು, ಎನ್.ವಿ.ಎಂ.ಇ.ಗೆ ಹೆಚ್ಚಾಗಿ ಒಂದೇ ಕಚ್ಚು. ಲ್ಯಾಪ್‌ಟಾಪಿನ ಕಿಂಡಿ ಒಂದು ಭಾಷೆಯನ್ನಷ್ಟೇ ಬಲ್ಲದಾಗಿದ್ದರೆ ಇನ್ನೊಂದು ಅದರಲ್ಲಿ ಕೂತರೂ ಮಾತಾಡುವುದಿಲ್ಲ. ಎರಡನ್ನೂ ಬಲ್ಲ ಕಿಂಡಿಗಳೂ ಉಂಟು. ಕೈಪಿಡಿಯನ್ನು ನೋಡದೆ ಊಹಿಸಬಾರದು.

ನಾಲ್ಕನೆಯದು, ಬದಲಿಸಲಾಗದ ಜಾತಿ. ತೆಳ್ಳಗಿನ ಅನೇಕ ಹೊಸ ಯಂತ್ರಗಳಲ್ಲಿ ನೆನಪಿನ ಚಿಪ್ಪುಗಳನ್ನು ಮುಖ್ಯ ಹಲಗೆಗೇ ಬೆಸೆದುಬಿಟ್ಟಿರುತ್ತಾರೆ. ಆಪಲ್ ಕಂಪನಿ ೨೦೧೨ರಲ್ಲಿ ತಂದು ೨೦೧೬ರವರೆಗೆ ಮಾರಿದ ೧೩ ಅಂಗುಲದ ಮ್ಯಾಕ್‌ಬುಕ್ ಪ್ರೋ ಯಂತ್ರದಲ್ಲಿ ಅಡಿಯ ಹತ್ತು ಸ್ಕ್ರೂ ಬಿಚ್ಚಿದರೆ ಸಾಟಾ ಡಿಸ್ಕು ಕಣ್ಣಿಗೆ ಬೀಳುತ್ತಿತ್ತು, ಯಾರಾದರೂ ಬದಲಿಸಬಹುದಾಗಿತ್ತು. ಅದೇ ಕಂಪನಿಯ ಇಂದಿನ ಮ್ಯಾಕ್‌ಬುಕ್‌ಗಳಲ್ಲಿ ಚಿಪ್ಪುಗಳು ಹಲಗೆಯೊಡನೆ ಒಂದಾಗಿವೆ. ಇಂಥ ಯಂತ್ರ ಉಳ್ಳವರಿಗೆ ಆಯ್ಕೆಯ ತೊಂದರೆಯಿಲ್ಲ. ಪ್ರತಿ ಇಟ್ಟುಕೊಳ್ಳುವ ಹೊಣೆ ಮಾತ್ರ ಇಮ್ಮಡಿ.

ಅದೇ ೨೦೧೨ರ ಮಾದರಿ ಇನ್ನೊಂದು ಪಾಠವನ್ನೂ ಕಲಿಸಿದೆ. ಅದರಲ್ಲಿ ಅನೇಕ ವೇಳೆ ಕೆಡುತ್ತಿದ್ದುದು ಡಿಸ್ಕಲ್ಲ, ಡಿಸ್ಕಿಗೆ ಹೋಗುವ ತೆಳು ಪಟ್ಟಿಯ ಕೇಬಲ್ಲು. ಹಳೆಯ ಡಿಸ್ಕನ್ನು ಯು.ಎಸ್.ಬಿ. ಪೆಟ್ಟಿಗೆಯಲ್ಲಿಟ್ಟು ಬೇರೆ ಯಂತ್ರಕ್ಕೆ ಜೋಡಿಸಿ ನೋಡಿದರೆ ಕೇಡು ಎಲ್ಲಿಯದೆಂದು ಗೊತ್ತಾಗುತ್ತದೆ. ಡಿಸ್ಕು ಅಲ್ಲಿ ಸರಾಗವಾಗಿ ಓದಿದರೆ ಹೊಸ ಡಿಸ್ಕಿನ ವೆಚ್ಚ ಉಳಿಯಿತು.

ವೇಗದ ಮೋಹ, ಗಾತ್ರದ ಲೆಕ್ಕ

ಜಾತಿ ಗೊತ್ತಾದ ಮೇಲೆ ವೇಗದ ಮಾತು. ತಟ್ಟೆಯ ಡಿಸ್ಕು ಸೆಕೆಂಡಿಗೆ ಸುಮಾರು ೧೦೦ ಮೆಗಾಬೈಟ್ ಓದುತ್ತದೆ, ಸಾಟಾ ಎಸ್.ಎಸ್.ಡಿ. ಸುಮಾರು ೫೫೦, ಎನ್.ವಿ.ಎಂ.ಇ. ೩,೫೦೦, ೭,೦೦೦ ಅಥವಾ ಅದಕ್ಕೂ ಮಿಗಿಲು. ಸಂಖ್ಯೆಗಳನ್ನು ನೋಡಿ ಮರುಳಾಗುವುದು ಸಹಜ. ಆದರೆ ಕಾಗದ ಬರೆಯುವ, ಲೆಕ್ಕ ಇಡುವ, ಸಿನಿಮಾ ನೋಡುವ, ಮಕ್ಕಳ ಪಾಠ ನಡೆಯುವ ಮನೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಮೊದಲ ಮೆಟ್ಟಿಲಿನದು: ತಟ್ಟೆಯಿಂದ ಎಸ್.ಎಸ್.ಡಿ.ಗೆ ಹತ್ತಿದ್ದು. ಅದರ ಮೇಲಿನ ಮೆಟ್ಟಿಲುಗಳು ಭಾರಿ ಚಲನಚಿತ್ರಗಳನ್ನು ಸಂಕಲಿಸುವವರಿಗೆ ಬೇಕು. ಮಿಕ್ಕವರಿಗೆ ಅವು ಹೆಚ್ಚಾಗಿ ಡಬ್ಬಿಯ ಮೇಲಿನ ಅಂಕಿಗಳು.

ಗಾತ್ರದಲ್ಲಿ ಒಂದು ಸಣ್ಣ ಗೊಂದಲವುಂಟು. ಒಂದು ಟೆರಾಬೈಟಿನ ಡಿಸ್ಕು ತಂದು ಹಾಕಿದರೆ ವಿಂಡೋಸ್ ೯೩೧ ಗಿಗಾಬೈಟ್ ಎಂದು ತೋರಿಸುತ್ತದೆ. ೫೦೦ರದು ೪೬೫ ಎಂದು. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ ೧,೦೨೪ರ ಲೆಕ್ಕದಲ್ಲಿ ಎಣಿಸುತ್ತದೆ. ಹಳೆಯ ಡಿಸ್ಕಿನಲ್ಲಿ ಈಗ ತುಂಬಿರುವುದೆಷ್ಟೆಂದು ನೋಡಿ, ಅದರ ಇಮ್ಮಡಿ ಕೊಂಡರೆ ಸಾಮಾನ್ಯ ಕುಟುಂಬಕ್ಕೆ ಕೆಲವು ವರ್ಷ ಸಾಕು.

'ಎಸ್.ಎಸ್.ಡಿ. ಬರೆದಂತೆಲ್ಲ ಸವೆಯುತ್ತದಂತೆ' ಎಂಬ ಅಳುಕು ಅನೇಕರಲ್ಲಿದೆ. ಮಾತು ನಿಜ; ಪ್ರಮಾಣ ತಿಳಿದರೆ ಅಳುಕು ಹೋಗುತ್ತದೆ. ಒಳ್ಳೆಯ ತಯಾರಕರು ೫೦೦ ಗಿಗಾಬೈಟಿನ ಡಿಸ್ಕಿಗೆ ೩೦೦ ಟೆರಾಬೈಟಿನಷ್ಟು ಬರೆಯುವವರೆಗೆ ಖಾತರಿ ಕೊಡುವುದುಂಟು. ದಿನವೊಂದಕ್ಕೆ ೨೦ ಗಿಗಾಬೈಟ್ ಬರೆದರೂ ಆ ಮಿತಿ ಮುಟ್ಟಲು ೪೧ ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪು ಉಳಿದಿರುವುದಿಲ್ಲ.

ಅಗ್ಗದ ಬಲೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಾಗಲಿ, ಮನೆಬಾಗಿಲಿಗೇ ತಂದುಕೊಡುವ ಮಾರಾಟದಲ್ಲಾಗಲಿ, ಮೂರು ಎಚ್ಚರಿಕೆ ಅವಶ್ಯ. ಮೊದಲನೆಯದು, ನಂಬಲಾಗದಷ್ಟು ಅಗ್ಗದ ಹದಿನಾರು ಟೆರಾಬೈಟಿನ ಹೊರಡಿಸ್ಕುಗಳು. ಇವುಗಳ ಒಳಗೆ ಪುಟ್ಟ ಚಿಪ್ಪೊಂದಿದ್ದು, ದೊಡ್ಡ ಗಾತ್ರದ್ದೆಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಬರೆದಂತೆ ನಟಿಸಿ, ಬರೆದುದನ್ನು ಕಳೆದುಬಿಡುತ್ತವೆ. ಕೊಂಡ ಕೂಡಲೇ ಪೂರ್ತಿ ತುಂಬಿ ಮರಳಿ ಓದಿ ಪರೀಕ್ಷಿಸುವ ಉಚಿತ ತಂತ್ರಾಂಶಗಳುಂಟು. ಎರಡನೆಯದು, ಬಳಸಿದ್ದನ್ನು ಹೊಸದೆಂದು ಮಾರುವುದು. ಪ್ರತಿ ಡಿಸ್ಕೂ ತಾನು ಎಷ್ಟು ಗಂಟೆ ದುಡಿದಿದೆಯೆಂಬ ಲೆಕ್ಕವನ್ನು 'ಸ್ಮಾರ್ಟ್' ಎಂಬ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊಸದಾದರೆ ಆ ಲೆಕ್ಕ ಸೊನ್ನೆಯ ಬಳಿ ಇರಬೇಕು. ಈ ದಾಖಲೆಯನ್ನೂ ತಿದ್ದುವವರುಂಟು. ಆದುದರಿಂದಲೇ ಮೂರನೆಯ ಎಚ್ಚರಿಕೆ: ರಸೀತಿ ಮತ್ತು ತಯಾರಕರ ಖಾತರಿ. ಡಿಸ್ಕಿನ ಕ್ರಮಸಂಖ್ಯೆಯನ್ನು ಕೊಟ್ಟರೆ ಖಾತರಿ ಎಂದಿನವರೆಗೆ ಇದೆಯೆಂದು ದೊಡ್ಡ ತಯಾರಕರು ತಿಳಿಸುತ್ತಾರೆ.

ಹಳೆಯದರಿಂದ ಹೊಸದಕ್ಕೆ

ಹೊಸ ಡಿಸ್ಕು ಬಂದ ಮೇಲೆ ದಾರಿಗಳು ಎರಡು. ಹಳೆಯದು ಇನ್ನೂ ಆರೋಗ್ಯವಾಗಿದ್ದರೆ ಅದರ ಪಡಿಯಚ್ಚನ್ನೇ ಹೊಸದಕ್ಕೆ ಇಳಿಸಬಹುದು. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಹಳೆಯದು ಅನಾರೋಗ್ಯದಿಂದಿದ್ದರೆ ಹೊಸದರಲ್ಲಿ ಎಲ್ಲವನ್ನೂ ಮೊದಲಿನಿಂದ ಸ್ಥಾಪಿಸಿ, ಉಳಿಸಿದ ಕಡತಗಳನ್ನು ಮಾತ್ರ ತಂದು ಹಾಕುವುದು ನಿರಪಾಯ. ವಿಂಡೋಸಿನ ಯಂತ್ರಗಳಲ್ಲಿ ಡಿಸ್ಕು ಗೂಢಲಿಪಿಯಲ್ಲಿ ಬರೆಯಲ್ಪಟ್ಟಿರಬಹುದು. ಅದನ್ನು ತೆರೆಯಲು ೪೮ ಅಂಕಿಗಳ ಬಿಟ್‌ಲಾಕರ್ ಕೀಲಿ ಬೇಕು. ಡಿಸ್ಕನ್ನು ಬಿಚ್ಚುವ ಮುನ್ನವೇ ಆ ಕೀಲಿಯನ್ನು ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಹಳೆಯ ಡಿಸ್ಕು ಎಷ್ಟೇ ಗಟ್ಟಿಯಾಗಿದ್ದರೂ ಮೂಕವಾಗಿಯೇ ಇರುತ್ತದೆ. ಯಂತ್ರದಲ್ಲಿ ವಿಂಡೋಸ್ ೧೦ ಇದ್ದರೆ ಇನ್ನೊಂದು ವಿಚಾರ: ೨೦೨೫ರ ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಡಿಸ್ಕಿನಲ್ಲಿ ಹೊಸ ವಿಂಡೋಸನ್ನೋ, ಹಳೆಯ ಯಂತ್ರಕ್ಕೂ ಒಗ್ಗುವ ಲಿನಕ್ಸನ್ನೋ ಹಾಕುವುದಕ್ಕೆ ಇದೇ ಸಕಾಲ.

ಇನ್ನು ಉಳಿಸಿದ ಹಣದ ಮಾತು. ಅತಿವೇಗದ ಡಿಸ್ಕನ್ನು ಬಿಟ್ಟು ಮಧ್ಯಮದ್ದನ್ನು ಕೊಂಡವರ ಕೈಯಲ್ಲಿ ಒಂದಿಷ್ಟು ರೂಪಾಯಿ ಉಳಿಯುತ್ತದೆ. ಅದನ್ನು ಎರಡನೆಯ ಡಿಸ್ಕಿಗೆ ಹಾಕುವುದೇ ಬುದ್ಧಿವಂತಿಕೆ. ಕಾರಣ, ಎಸ್.ಎಸ್.ಡಿ.ಯೂ ಚಿರಂಜೀವಿಯಲ್ಲ. ತಟ್ಟೆಯ ಡಿಸ್ಕು ನರಳುತ್ತ ಕೆಡುತ್ತದೆ, ಎಸ್.ಎಸ್.ಡಿ. ಎಷ್ಟೋ ವೇಳೆ ಒಂದು ಮಾತೂ ಹೇಳದೆ ಒಮ್ಮೆಗೇ ನಿಲ್ಲುತ್ತದೆ. ಅದರಿಂದ ಅಳಿಸಿದ ಕಡತವನ್ನು ಮರಳಿ ಪಡೆಯುವುದೂ ಕಷ್ಟ. ಖಾಲಿಯಾದ ಕೋಶಗಳನ್ನು ಅದು ತಾನಾಗಿಯೇ ಒರಸಿಬಿಡುತ್ತದೆ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿಡುವುದಕ್ಕಂತೂ ಅದು ತಕ್ಕುದಲ್ಲ, ಕೋಶಗಳ ಆವೇಶ ಮೆಲ್ಲಮೆಲ್ಲನೆ ಸೋರಿಹೋಗಬಹುದು. ಬೀರುವಿನ ಕೆಲಸಕ್ಕೆ ಹಳೆಯ ತಟ್ಟೆಯ ಡಿಸ್ಕೇ ಯೋಗ್ಯ: ಅಗ್ಗ, ದೊಡ್ಡ ಗಾತ್ರ, ಅಲುಗಾಡಿಸದಿದ್ದರೆ ನೆಮ್ಮದಿ. ತಿಂಗಳಿಗೊಮ್ಮೆ, ಮನೆಯ ಲೆಕ್ಕ ಬರೆಯುವ ದಿನವೇ, ಅದನ್ನು ಜೋಡಿಸಿ ಹೊಸ ಫೋಟೋಗಳ ಪ್ರತಿ ತೆಗೆದಿಟ್ಟರೆ ಅರ್ಧ ಗಂಟೆಯ ಕೆಲಸ. ಇನ್ನೊಂದು ಪ್ರತಿ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇದ್ದರೆ ಬೆಂಕಿ, ಕಳವು, ನೆರೆಗಳಿಗೂ ಅಂಜಬೇಕಾಗಿಲ್ಲ.

ಬದಲಿಸಿ ತೆಗೆದ ಡಿಸ್ಕನ್ನು ಹಳೆಯ ಸಾಮಾನಿನವನ ಗಾಡಿಗೆ ಹಾಕಬಾರದು. ಕಡತಗಳನ್ನು ಅಳಿಸಿದ ಮಾತ್ರಕ್ಕೆ ತಟ್ಟೆಯ ಮೇಲಿನ ಬರಹ ಹೋಗುವುದಿಲ್ಲ. ಬಲ್ಲವನು ಬ್ಯಾಂಕಿನ ಕಾಗದವನ್ನೂ ಓದಿಯಾನು. ಅದು ಇನ್ನೂ ನಡೆಯುತ್ತಿದ್ದರೆ ಪೂರ್ತಿ ಮೇಲೆಬರೆದು ಅಳಿಸುವ ತಂತ್ರಾಂಶ ಓಡಿಸಬೇಕು. ನಿಂತೇಹೋಗಿದ್ದರೆ ತಟ್ಟೆಗೆ ತೂತು ಕೊರೆಯಬೇಕು. ಆಮೇಲೆ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಒಪ್ಪಿಸುವುದು ಸರಿಯಾದ ಕ್ರಮ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೂ ಹೊರಿಸಿವೆ. ಆದರೆ ಈ ಅಂತ್ಯಸಂಸ್ಕಾರಕ್ಕೆ ಅವಸರ ಬೇಡ. ಹೊಸ ಡಿಸ್ಕಿನಲ್ಲಿ ಫೋಟೋಗಳೆಲ್ಲ ತೆರೆಯುತ್ತವೆಯೇ, ಲೆಕ್ಕದ ಹಾಳೆಗಳು ಸರಿಯಾಗಿವೆಯೇ, ಯಾವುದಾದರೂ ವರ್ಷ ತಪ್ಪಿಹೋಗಿದೆಯೇ ಎಂದು ಮನೆಮಂದಿಯೆಲ್ಲ ಕೂತು ನೋಡಿದ ಮೇಲೆ, ಒಂದೆರಡು ತಿಂಗಳು ಕಳೆದ ಮೇಲೆ, ಹಳೆಯದನ್ನು ಕಳುಹಿಸಿಕೊಡಬಹುದು.